ಅಲೋಶಿಯಸ್ ಚಾಪೆಲ್: ಪೈಂಟರ್ ಕಣ್ಣಲ್ಲಿ

ಮನೆಗಳಿಗೆ ಪೈಂಟ್ ಹೊಡೆಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷವಾಯಿತು. ಮಂಗಳೂರಿನ ಮಳೆ ಗೊತ್ತಲ್ಲ, ಪುಟ್ಟಿ, ಪ್ರೈಮರ್, ಮೇಲೆ ಎರಡು ಕೋಟ್ ಕೊಟ್ಟ ಗೋಡೆಯಲ್ಲೂ ಮೂರನೇ ವರ್ಷಕ್ಕೆ ಗುಳ್ಳೆ ಏಳುತ್ತದೆ. ಹಾಗಾಗಿ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದಾಗಲೆಲ್ಲ ನಾನು ಮೊದಲು ನೋಡುವುದು ಗೋಡೆಯನ್ನು.

ಕಳೆದ ಶನಿವಾರ ಮಗಳನ್ನೂ ಕರೆದುಕೊಂಡು ಹೋದೆ. ಒಳಗೆ ಬರಿದಾದ ಜಾಗವೇ ಇಲ್ಲ ಅನ್ನುವಷ್ಟು ಚಿತ್ರ. ಬರೆದವರು ಅಂಟೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಹತ್ತಿರದವರು, ಜೆಸುಯಿಟ್ ಅನ್ನುವ ಕ್ಯಾಥೊಲಿಕ್ ಧಾರ್ಮಿಕ ಸಂಘದ ಬ್ರದರ್. 1901ರ ಹೊತ್ತಿಗೆ ಇಲ್ಲಿನ ಕೆಲಸ ಮುಗಿಸಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡಾಗ ಅವರಿಗೆ 51 ವರ್ಷ, ಅಷ್ಟೇ.

ಗೋಡೆಯದ್ದು ಫ್ರೆಸ್ಕೋ. ಸುಣ್ಣದ ಗಾರೆ ಹಸಿ ಇರುವಾಗಲೇ ನೀರಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಗೆ ಗಟ್ಟಿಯಾಗುತ್ತಾ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ. ನಮ್ಮ ಪೈಂಟ್ ಹಾಗೆ ಮೇಲೊಂದು ಪದರ ಕೂರುವುದಿಲ್ಲ. ಆದರೆ ಒಂದು ದಿನಕ್ಕೆ ಎಷ್ಟು ಬರೆಯಲಿಕ್ಕಾಗುತ್ತದೋ ಅಷ್ಟಕ್ಕೇ ಗಾರೆ ಹಾಕಬೇಕು. ತಪ್ಪಾದರೆ ಕೆತ್ತಿ ತೆಗೆದು ಮತ್ತೆ ಮೊದಲಿಂದ. ಆ ಧೈರ್ಯಕ್ಕೆ ಕೈ ಮುಗಿಯಬೇಕು ಅನಿಸುತ್ತದೆ. ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದವೂ ಉಂಟು. 1990ರ ದಶಕದ ಮೊದಲಲ್ಲಿ ಹಳೆಯ ಕಟ್ಟಡ, ಕಲೆಗಳನ್ನು ಕಾಪಾಡುವ ಸಂಸ್ಥೆ ಇಂಟ್ಯಾಕ್‌ನವರು ಇವನ್ನು ದುರಸ್ತಿ ಮಾಡಿದರು.

ಅಂಚಿನ ಪಟ್ಟಿ ಕೆತ್ತನೆ ಎಂದೇ ಮಗಳು ಅಂದುಕೊಂಡಿದ್ದಳು. "ಹತ್ತಿರ ಹೋಗಿ ನೋಡು" ಅಂದೆ. ಗೋಡೆ ನುಣ್ಣಗೆ. ಒಂದು ಬದಿಗೆ ತೆಳು ಬಿಳಿ ಗೆರೆ, ಇನ್ನೊಂದು ಬದಿಗೆ ಕಂದು ನೆರಳು. ಅಷ್ಟರಲ್ಲೇ ಅದು ಉಬ್ಬಿ ನಿಂತಿದೆ. ಆ ಗೆರೆ ಎಲ್ಲೂ ನಡುಗಿಲ್ಲ. ನಾನು ಮಾಸ್ಕಿಂಗ್ ಟೇಪ್ ಅಂಟಿಸಿ ಎಳೆಯುವ ಗೆರೆಯೂ ಇಷ್ಟು ನೇರ ಬರುವುದಿಲ್ಲ.

ಚಾವಣಿಯಲ್ಲಿ ಸಂತ ಅಲೋಶಿಯಸರ ಬದುಕಿನ ಕತೆ ಇದೆ. ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆ ಮಾಡುತ್ತಾ ತಾವೂ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡವರು. 23ರ ಹುಡುಗ. ಇದನ್ನು ಹೇಳಿದ ಮೇಲೆ ಮಗಳು ತುಂಬಾ ಹೊತ್ತು ಮಾತಾಡಲಿಲ್ಲ, ಮೇಲೆ ನೋಡುತ್ತಲೇ ಕೂತಳು.

ಹೋಗುವವರು ಸುಮ್ನೆ ಒಂದು ಸುತ್ತು ಹಾಕಿ ಬರಬೇಡಿ. ಬೆಂಚಲ್ಲಿ ಕೂತು, ತಲೆ ಹಿಂದಕ್ಕೆ ಒರಗಿಸಿ ಒಂದೊಂದೇ ಚಿತ್ರ ನೋಡಿ. ಒಳಗೆ ಫೋಟೋ ತೆಗೆಯಲಿಕ್ಕಿಲ್ಲ, ಅದೇ ಒಳ್ಳೆಯದು. ಹಿಂದಿನ ಗೋಡೆಯಲ್ಲಿ ಯೇಸು ಮಕ್ಕಳ ಜೊತೆ ಇರುವ ದೊಡ್ಡ ಚಿತ್ರ ಉಂಟು. ಒಳಗೆ ಬರುವಾಗ ಅದು ಬೆನ್ನ ಹಿಂದೆ ಉಳಿಯುತ್ತದೆ. ಹೊರಡುವ ಮೊದಲು ತಿರುಗಿ ನಿಂತು ನೋಡಿ.