ನಿಮ್ಮೂರ ಮಳೆ, ಹಕ್ಕಿ ಸೌಂಡ್ ಮಾರೋಕೆ ಹಾಕೋ ಮುಂಚೆ ಇದನ್ನ ಓದಿ

ಮಳೆ, ಹಳ್ಳ, ಹಕ್ಕಿ ಸದ್ದು ರೆಕಾರ್ಡ್ ಮಾಡಿ ಸ್ಟಾಕ್ ಆಡಿಯೋ ಸೈಟಲ್ಲಿ (ವಿಡಿಯೋ, ಫಿಲ್ಮ್ ಮಾಡೋರು ರೆಡಿ ಸೌಂಡ್ ದುಡ್ಡು ಕೊಟ್ಟು ತಗೊಳೋ ಸೈಟು) ಮಾರ್ಬೇಕು ಅಂತಿರೋರು, ಅದ್ರಲ್ಲೂ ನಮ್ಮ ಮಲೆನಾಡ್ ಕಡೆಯವರು, ದಯವಿಟ್ಟು ಪೂರ್ತಿ ಓದಿ. ನಂಗಾಗಿದ್ದು ನಿಮಗಾಗೋದು ಬೇಡ.

ನಮ್ಮನೆ ತೀರ್ಥಹಳ್ಳಿ ಹತ್ರ, ತೋಟ ಇಳಿದ್ರೆ ಹಳ್ಳ. ಜೂನಲ್ಲಿ ಬೆಳಗಿನ ಜಾವ ಐದೂವರೆಗೆ ಅಲ್ಲಿ ಹೋಗಿ ಕೂತ್ರೆ ಮಲಬಾರ್ ವಿಸ್ಲಿಂಗ್ ಥ್ರಷ್, ಅದೇ ಮನುಷ್ಯರ ಥರ ಸಿಳ್ಳೆ ಹಾಕತ್ತಲ್ಲ ಆ ಕಪ್ಪುನೀಲಿ ಹಕ್ಕಿ, ಹಾಡ್ತಾ ಇರತ್ತೆ. ಆದ್ರೆ ಕ್ಲೀನಾಗಿ ಸಿಗೋದು ಎಷ್ಟು ಕಷ್ಟ ಅಂತ ಕೂತೋರಿಗೇ ಗೊತ್ತು, ಒಂದಿನ ಪಂಪ್‌ಸೆಟ್, ಒಂದಿನ ಫಸ್ಟ್ ಬಸ್ಸು, ಒಂದಿನ ನಾಯಿ, ಮತ್ತೊಂದಿನ ಮಳೆ ಜೋರಾಗಿ ಹಕ್ಕಿನೇ ಬರ್ಲಿಲ್ಲ. ಹನ್ನೊಂದು ದಿನ ಹೋದ್ಮೇಲೆ 22 ನಿಮಿಷದ ಒಂದು ಟೇಕ್ ಸಿಕ್ತು. ಅದ್ರಿಂದ 4 ನಿಮಿಷದ ಒಂದು ತುಂಡು ಮಾತ್ರ ತೆಗೆದು ಹೊರಗಿನ ದೇಶದ ಒಂದು ಸೈಟಿಗೆ ಹಾಕ್ದೆ. ಒಂದು ಸೇಲಿಗೆ ನನ್ನ ಪಾಲು ಎರಡು ಡಾಲರ್ ಚಿಲ್ಲರೆ. ನಿಧಾನಕ್ಕೆ ಹೋಗ್ತಿತ್ತು, ಖುಷಿನೇ ಇತ್ತು.

ಎಂಟು ತಿಂಗಳಾದ್ಮೇಲೆ ಅದೇ ಆಡಿಯೋ ಹಾಕಿದ್ದ ನನ್ನ ಯೂಟ್ಯೂಬ್ ವಿಡಿಯೋಗೆ ಕಾಪಿರೈಟ್ ಕ್ಲೇಮ್ ಬಂತು. ಯಾರೋ ಒಬ್ರು ನನ್ನ ಫೈಲ್ ತಗೊಂಡು, ಹಿಂದೆ ಸಣ್ಣಗೆ ಎಳೆದಂಗೆ ಕೇಳೋ ಒಂದು ಪ್ಯಾಡ್ ಮ್ಯೂಸಿಕ್ ಸೇರಿಸಿ, ನಿದ್ದೆ ಬರ್ಸೋ ಆಲ್ಬಂ ಅಂತ ಹೆಸರಿಟ್ಟು ಒಂದು ಡಿಸ್ಟ್ರಿಬ್ಯೂಟರ್ (ಹಾಡುಗಳನ್ನ ಮ್ಯೂಸಿಕ್ ಆ್ಯಪ್‌ಗಳಿಗೆ ತಲುಪ್ಸೋ ಕಂಪನಿ) ಮೂಲಕ ಎಲ್ಲಾ ಕಡೆ ಬಿಟ್ಟಿದ್ರು, ಜೊತೆಗೆ ಕಂಟೆಂಟ್ ಐಡಿಗೂ, ಅಂದ್ರೆ ಒಂದೇ ಥರದ ಆಡಿಯೋ ಹುಡುಕಿ ತಾನೇ ಕ್ಲೇಮ್ ಹಾಕೋ ಯೂಟ್ಯೂಬ್ ಸಿಸ್ಟಮ್ಮಿಗೂ, ರಿಜಿಸ್ಟರ್ ಮಾಡ್ಸಿದ್ರು. ಹೆಡ್‌ಫೋನ್ ಹಾಕ್ಕೊಂಡು ಕೇಳ್ದೆ, ಎದೆ ಧಸಕ್ ಅಂತು. ಹಕ್ಕಿ ಎರಡ್ನೇ ಸಲ ಸಿಳ್ಳೆ ನಿಲ್ಸಿದ ಕೂಡ್ಲೇ ಬಿದ್ದಿದ್ದ ಅಡಿಕೆ ಹಾಳೆ ಮೇಲೆ ಮೂರು ಹನಿ ಟಪ್, ಟಪ್ ಟಪ್ ಅಂತ ಬೀಳತ್ತೆ. ಆ ಹಾಳೆ ನನ್ನ ಕಾಲ ಬುಡದಲ್ಲೇ ಇತ್ತು ರೀ.

ಇದಕ್ಕಿಂತ ಬೇಜಾರಾಗಿದ್ದು ಇನ್ನೊಂದು. ನನ್ನ ಸೌಂಡನ್ನ ದುಡ್ಡು ಕೊಟ್ಟು ತಗೊಂಡಿದ್ದ ಬೆಂಗಳೂರಿನ ಒಬ್ಬ ಡಾಕ್ಯುಮೆಂಟರಿ ಹುಡುಗ ಮೆಸೇಜ್ ಮಾಡಿ, ಸರ್ ನಿಮ್ಮ ಆಡಿಯೋ ಹಾಕಿದ್ದಕ್ಕೆ ನನ್ನ ಫಿಲ್ಮಿಗೆ ಕ್ಲೇಮ್ ಬಂದಿದೆ, ನೀವು ಬೇರೆಯವರದ್ದು ಕದ್ದು ಮಾರಿದ್ರಾ ಅಂತ ಕೇಳ್ದ. ಸೈಟಿಗೂ ಕಂಪ್ಲೇಂಟ್ ಹೋಗಿ ಅವರು ನನ್ನ ಅಕೌಂಟನ್ನೇ ಬ್ಲಾಕ್ ಮಾಡಿದ್ರು, ಅದ್ರಲ್ಲಿದ್ದ 43 ಡಾಲರ್ ಕೂಡ ಅಲ್ಲೇ.

ಹಕ್ಕಿ ಕೂಗಿಗೆ ಎಂಥ ಕಾಪಿರೈಟ್ ಅಂತ ಕೆಲವರು ಕೇಳ್ತಾರೆ. ಕೂಗಿಗೆ ಇಲ್ಲ, ಆದ್ರೆ ನಾವು ಮಾಡಿದ ರೆಕಾರ್ಡಿಂಗಿಗೆ ಇದೆ, ನಮ್ಮ 1957ರ ಕಾಪಿರೈಟ್ ಕಾಯ್ದೆಲಿ ಸೌಂಡ್ ರೆಕಾರ್ಡಿಂಗಿಗೆ 60 ವರ್ಷ. ತೊಂದರೆ ಎಲ್ಲಿ ಅಂದ್ರೆ ಆ ಕಂಟೆಂಟ್ ಐಡಿ ಬರೀ ಮೆಷಿನ್ನು, ಮೊದಲು ಯಾರು ಫೈಲ್ ಕೊಟ್ಟು ನಂದು ಅಂತಾರೋ ಅವರದ್ದೇ ಅಂತ ತಿಳ್ಕೊಳತ್ತೆ. ಬರೀ ಅವರೊಬ್ಬರದ್ದೇ ಹಕ್ಕಿರೋ ಆಡಿಯೋ ಮಾತ್ರ ಕೊಡ್ಬೇಕು ಅಂತ ಯೂಟ್ಯೂಬ್ ರೂಲ್ಸ್ ಇದ್ರೂ ಕೊಡೋರು ಕೊಡ್ತಾರೆ. 2018ರಲ್ಲಿ ಆಸ್ಟ್ರೇಲಿಯಾದ ಸೆಬಾಸ್ಟಿಯನ್ ಟಾಮ್‌ಚಾಕ್ ಅನ್ನೋರು ತಾವೇ ಮಾಡಿದ 10 ಗಂಟೆ ವೈಟ್ ನಾಯ್ಸ್ ವಿಡಿಯೋಗೆ ಐದು ಕ್ಲೇಮ್ ಬಂದಿದ್ವು, ಬರೀ ಸುಯ್ ಅನ್ನೋ ಸದ್ದಿಗೆ!

ನಾನು ಯೂಟ್ಯೂಬಲ್ಲಿ ಡಿಸ್ಪ್ಯೂಟ್ ಹಾಕ್ದೆ, ಅಂದ್ರೆ ಈ ಕ್ಲೇಮ್ ತಪ್ಪು ಅಂತ ತಕರಾರು. ಎದುರಿನವರಿಗೆ ಉತ್ತರ ಕೊಡೋಕೆ 30 ದಿನ ಟೈಮು, ಅವರು ಇಪ್ಪತ್ತೊಂಬತ್ತನೇ ದಿನ ರಿಜೆಕ್ಟ್ ಮಾಡಿದ್ರು. ಅಪೀಲ್ ಹಾಕೋಕೆ ಭಯ ಆಯ್ತು, ಯಾಕಂದ್ರೆ ಸೋತ್ರೆ ಚಾನೆಲ್ ಮೇಲೆ ಸ್ಟ್ರೈಕ್, ಅಂದ್ರೆ ಕಾಪಿರೈಟ್ ತಪ್ಪಿನ ಕಪ್ಪು ಚುಕ್ಕೆ, ಬೀಳಬಹುದು. ನನ್ನ ಉಳಿಸಿದ್ದು ಆ 22 ನಿಮಿಷದ ಪೂರ್ತಿ ಫೈಲು. ಅದ್ರ ಕೊನೇಲಿ ಅಪ್ಪಯ್ಯ ಮೇಲಿಂದ "ಎಂಥ ಮಾಡ್ತಿದ್ದೀಯ ಮಾರಾಯ, ಕಾಫಿ ಆರೋಗತ್ತೆ" ಅಂತ ಕೂಗಿದ್ದು ರೆಕಾರ್ಡ್ ಆಗಿದೆ. ಕಟ್ ಮಾಡಿ ಎಸೀಬೇಕು ಅಂತಿದ್ದೆ ಅದನ್ನ. ಅದನ್ನೂ, ಆಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರಲ್ಲಿ ನನ್ನ ಫೈಲು, ಅವರ ಫೈಲು ಎರಡರ ಸ್ಪೆಕ್ಟ್ರೋಗ್ರಾಮ್ (ಸದ್ದನ್ನ ಚಿತ್ರದ ಥರ ತೋರ್ಸೋದು) ಪಕ್ಕಪಕ್ಕ ಇಟ್ಟು ತೆಗೆದ ಸ್ಕ್ರೀನ್‌ಶಾಟನ್ನೂ ಡಿಸ್ಟ್ರಿಬ್ಯೂಟರ್‌ಗೆ ಮೇಲ್ ಮಾಡಿ ಅಪೀಲೂ ಹಾಕ್ದೆ. ಐದು ದಿನಕ್ಕೆ ಕ್ಲೇಮ್ ಬಿಟ್ರು. ಸಾರಿ ಅಂತ ಒಂದು ಮಾತಿಲ್ಲ.

ಹಾಗಾಗಿ ಪೂರ್ತಿ ಟೇಕ್ ಯಾವತ್ತೂ ಡಿಲೀಟ್ ಮಾಡ್ಬೇಡಿ, ಮಾರೋಕೆ ಹಾಕೋದು ಒಂದು ತುಂಡು ಮಾತ್ರ ಇರ್ಲಿ. ರೆಕಾರ್ಡ್ ಶುರುಲಿ ನಿಮ್ಮ ಬಾಯಲ್ಲೇ ತಾರೀಖು, ಜಾಗ ಹೇಳ್ಬಿಡಿ. ಲೈಸೆನ್ಸಲ್ಲಿ ಕಂಟೆಂಟ್ ಐಡಿಗೆ ಹಾಕಂಗಿಲ್ಲ ಅಂತ ಸ್ಪಷ್ಟವಾಗಿ ಇಲ್ದಿರೋ ಸೈಟಿಗೆ ಕೊಡ್ಲೇಬೇಡಿ, ಆಮೇಲೆ ಜಗಳ ಆದ್ರೆ ದುಡ್ಡು ಎಷ್ಟು ದಿನ ಹಿಡ್ಕೊಳ್ತಾರೆ ಅನ್ನೋದನ್ನೂ ಮೊದಲೇ ಓದ್ಕೊಳಿ. ಅಮೆರಿಕದ ಸೈಟಾದ್ರೆ ಡಬ್ಲ್ಯೂ-8ಬೆನ್ (W-8BEN) ಅನ್ನೋ ಅಲ್ಲಿನ ಟ್ಯಾಕ್ಸ್ ಫಾರ್ಮ್ ಸರಿಯಾಗಿ ತುಂಬಿ, ಇಲ್ಲಾಂದ್ರೆ ಅಲ್ಲಿನ ರಾಯಲ್ಟಿಲಿ 15 ಪರ್ಸೆಂಟ್ ಬದ್ಲು 30 ಪರ್ಸೆಂಟ್ ಟ್ಯಾಕ್ಸ್ ಹೋಗತ್ತೆ.

ಸೈಟ್ ಅಕೌಂಟ್ ಇನ್ನೂ ಓಪನ್ ಆಗಿಲ್ಲ. ಆ ಹುಡುಗನಿಗೆ 22 ನಿಮಿಷದ ಫೈಲನ್ನೇ ಕಳ್ಸಿದೀನಿ, ಜೊತೆಗೆ ಸಹಿ ಮಾಡಿದ ಪತ್ರನೂ. ಕೊನೆವರೆಗೂ ಕೇಳ್ದೆ ಸರ್, ಅಪ್ಪಯ್ಯನ ಕಾಫಿ ತಂಕ ಅಂತ ರಿಪ್ಲೈ ಮಾಡ್ದ.