ಅಪ್‌ಗ್ರೇಡ್ ಕೈಕೊಟ್ಟ ಮೇಲೆ: ಇಎಕ್ಸ್‌ಟಿ4ಗೋ, ಬಟರ್‌ಎಫ್‌ಎಸ್‌ಗೋ?

ಇಎಕ್ಸ್‌ಟಿ4, ಬಟರ್‌ಎಫ್‌ಎಸ್ ಎರಡೂ ಫೈಲ್‌ಸಿಸ್ಟಮ್‌ಗಳು, ಅಂದರೆ ಲಿನಕ್ಸ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಟರ್‌ಎಫ್‌ಎಸ್‌ಗೆ. ಮನೆಯಲ್ಲಿ ಎರಡು ಹಳೇ ಲ್ಯಾಪ್‌ಟಾಪ್, ಎರಡರಲ್ಲೂ ಲಿನಕ್ಸ್. ಒಂದರ ಡಿಸ್ಕಿನಲ್ಲಿ ಇಎಕ್ಸ್‌ಟಿ4, ಇನ್ನೊಂದರಲ್ಲಿ ಬಟರ್‌ಎಫ್‌ಎಸ್. ಹೋದ ಮಳೆಗಾಲದಲ್ಲಿ ಎರಡೂ ಅಪ್‌ಗ್ರೇಡ್ ಹೊತ್ತಿಗೆ ಮಲಗಿದವು. ಒಂದನ್ನು ಎಬ್ಬಿಸಲು ಎರಡು ದಿನ ಬೇಕಾಯಿತು. ಇನ್ನೊಂದು ಎದ್ದಾಗ ನನ್ನ ಕಾಫಿ ಇನ್ನೂ ಬಿಸಿ ಇತ್ತು.

ಎರಡು ದಿನ ತಿಂದಿದ್ದು ಇಎಕ್ಸ್‌ಟಿ4. ಅಪ್‌ಗ್ರೇಡ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಬ್ಯಾಟರಿ ಸತ್ತು ವರ್ಷವಾಗಿತ್ತು, ತಪ್ಪು ನನ್ನದೇ. ಸಾಮಾನ್ಯವಾಗಿ ಇಂಥದ್ದನ್ನು ಜರ್ನಲ್, ಅಂದರೆ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಿನಚರಿ, ಸುಧಾರಿಸಿಕೊಳ್ಳುತ್ತದೆ. ಅವತ್ತು ಆಗಲಿಲ್ಲ. ಕಪ್ಪು ಪರದೆ, ಕಂಸದೊಳಗೆ ‘ಇನಿಟ್‌ರ್ಯಾಮ್‌ಎಫ್‌ಎಸ್’ (ಬೂಟ್‌ನ ಮೊದಲ ಹಂತದ ಪುಟ್ಟ ವ್ಯವಸ್ಥೆ) ಎಂಬ ಪದ, ಮೇಲೆ ‘ಎಫ್‌ಎಸ್‌ಸಿಕೆಯನ್ನು ನೀನೇ ಓಡಿಸು’ ಎಂಬ ಸೂಚನೆ. ಎಫ್‌ಎಸ್‌ಸಿಕೆ ಅಂದರೆ ಡಿಸ್ಕಿನ ಲೆಕ್ಕ ಪರೀಕ್ಷಿಸಿ ರಿಪೇರಿ ಮಾಡುವ ಸಾಧನ. ಲಿನಕ್ಸ್‌ನ ತಿರುಳಾದ ಕರ್ನಲ್ ಎದ್ದಿದೆ, ಡಿಸ್ಕಿನ ಲೆಕ್ಕ ತಾಳೆಯಾಗದೆ ಹೊಸ್ತಿಲಲ್ಲೇ ನಿಂತಿದೆ ಎಂದರ್ಥ.

ಫೋಟೋಗಳೆಲ್ಲ ಅದರೊಳಗೇ ಇದ್ದವು. ಕೇಳಿದ್ದಕ್ಕೆಲ್ಲ ಹೂಂ ಅನ್ನುವ ರಿಪೇರಿಯನ್ನು ಹಾಗೇ ಬಿಡಲು ಧೈರ್ಯ ಬರಲಿಲ್ಲ. ಡ್ರಾಯರ್‌ನಲ್ಲಿದ್ದ ಹಳೇ ಲೈವ್ ಪೆನ್‌ಡ್ರೈವ್ (ತನ್ನಿಂದಲೇ ಲಿನಕ್ಸ್ ಓಡಿಸುವಂಥದ್ದು) ಹಾಕಿ ಬೂಟ್ ಮಾಡಿದೆ. ಡಿಸ್ಕ್ ತೆರೆಯಿತು, ಫೋಟೋಗಳನ್ನು ನಕಲು ಮಾಡಿಕೊಂಡೆ. ಅಲ್ಲಿಂದಲೇ ಎಫ್‌ಎಸ್‌ಸಿಕೆ ಓಡಿಸಿದರೆ, ಒಪ್ಪಲೇ ಇಲ್ಲ! ‘ಫೀಚರ್ ಸಿ12 ನನಗೆ ಗೊತ್ತಿಲ್ಲ, ಹೊಸ ಆವೃತ್ತಿ ತಾ’ ಎಂದಿತು.

ಈ ಸಿ12 ಏನೆಂದು ಹುಡುಕುವುದರಲ್ಲೇ ಸಂಜೆ ಕಳೆಯಿತು. ಅದರ ನಿಜವಾದ ಹೆಸರು ಆರ್ಫನ್ ಫೈಲ್, ಅಳಿಸಿದರೂ ಇನ್ನೂ ತೆರೆದೇ ಇರುವ ಕಡತಗಳ ಲೆಕ್ಕ ಇಡುವ ಸೌಲಭ್ಯ. 2023ರ ಫೆಬ್ರವರಿಯಲ್ಲಿ ಬಂದ ಇ2ಎಫ್‌ಎಸ್‌ಪ್ರಾಗ್ಸ್ (ಇಎಕ್ಸ್‌ಟಿ4 ಸಾಧನಗಳ ಕಟ್ಟು, ಎಫ್‌ಎಸ್‌ಸಿಕೆಯೂ ಇದರಲ್ಲೇ) 1.47ರಿಂದ, ಹೊಸದಾಗಿ ಫಾರ್ಮ್ಯಾಟ್ ಮಾಡಿದ ಇಎಕ್ಸ್‌ಟಿ4ನಲ್ಲಿ ಇದು ತಾನಾಗಿಯೇ ಸೇರಿಕೊಳ್ಳುವಂತೆ ಮಾಡಿದ್ದಾರೆ. ನನ್ನ ಪೆನ್‌ಡ್ರೈವ್‌ನಲ್ಲಿ ಇದ್ದದ್ದು 1.46. ಡಿಸ್ಕ್ ಹೊಸದು, ಅದನ್ನು ನೋಡಬೇಕಾದ ವೈದ್ಯ ಹಳಬ. ಕಡತಗಳನ್ನು ತೋರಿಸುವುದು ಕರ್ನಲ್ ಕೆಲಸ, ಆ ಕರ್ನಲ್‌ಗೆ ತಕರಾರಿರಲಿಲ್ಲ. ರಿಪೇರಿ ಸಾಧನ ಮಾತ್ರ ತನಗೆ ತಿಳಿಯದ್ದನ್ನು ಮುಟ್ಟುವುದಿಲ್ಲ ಅಂತು. ಯೋಚಿಸಿದರೆ ಅದು ಸರಿಯೇ. ಆದರೂ ರಾತ್ರಿ ಹನ್ನೊಂದಕ್ಕೆ ಯಾರಿಗೆ ಬೇಕು ಆ ಪ್ರಾಮಾಣಿಕತೆ?

ಹೊಸ ಲೈವ್ ಪೆನ್‌ಡ್ರೈವ್‌ಗೆ ಬೇಕಾದ ಐಎಸ್‌ಒ ಕಡತ ಸುಮಾರು 6 ಜಿಬಿ. ನನ್ನ ಮೊಬೈಲ್ ಡೇಟಾ ದಿನಕ್ಕೆ 2 ಜಿಬಿ. ಮಾರನೇ ದಿನವೂ ಡೌನ್‌ಲೋಡ್ ಮುಗಿಯದೆ ಕೂತಿದ್ದಾಗ ತಲೆಗೆ ಹೊಳೆಯಿತು: ಆ ಕಪ್ಪು ಪರದೆಯೊಳಗಿನ ಎಫ್‌ಎಸ್‌ಸಿಕೆ ಈ ಸಿಸ್ಟಮ್‌ನದ್ದೇ ಅಲ್ವಾ? ಅದಕ್ಕೆ ಸಿ12 ಗೊತ್ತಿರಲೇಬೇಕು. ಗೊತ್ತಿತ್ತು. ‘ಎಫ್‌ಎಸ್‌ಸಿಕೆ ಮೈನಸ್ ವೈ’ ಜೊತೆಗೆ ಪಾರ್ಟಿಶನ್ ಹೆಸರು ಹೊಡೆದೆ, ನಾಲ್ಕೈದು ನಿಮಿಷದಲ್ಲಿ ಮುಗಿಯಿತು. ಆಮೇಲೆ ‘ಲಾಸ್ಟ್ ಪ್ಲಸ್ ಫೌಂಡ್’ ಫೋಲ್ಡರ್‌ನಲ್ಲಿ ಹೆಸರು ಕಳೆದುಕೊಂಡು ಬರೀ ನಂಬರ್ ಹೊತ್ತ ಕಡತಗಳು. ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಡಿಪಿಕೆಜಿಯಿಂದ (ಪ್ಯಾಕೇಜ್ ಹಾಕುವ ಸಾಧನ) ಮುಗಿಸಿ, ಕೆಲವನ್ನು ಮತ್ತೆ ಹಾಕಿದೆ. ಕೆಲಸ ಆಯಿತು, ಸಿಟ್ಟು ಹೋಗಲಿಲ್ಲ.

ಬಟರ್‌ಎಫ್‌ಎಸ್ ಇದ್ದದ್ದು ಓಪನ್‌ಸುಸೆ ಎಂಬ ಲಿನಕ್ಸ್‌ನಲ್ಲಿ. ಅಪ್‌ಗ್ರೇಡ್ ಆದಮೇಲೆ ಲಾಗಿನ್ ಪರದೆಯೇ ಇಲ್ಲ. ಬೂಟ್ ಹೊತ್ತಿಗೆ ಬರುವ ಗ್ರಬ್ ಮೆನುವಿನಲ್ಲಿ ಹಿಂದಿನ ಸ್ನ್ಯಾಪ್‌ಶಾಟ್‌ನಿಂದ (ಸಿಸ್ಟಮ್‌ನ ಉಳಿಸಿಟ್ಟ ಹಳೇ ಸ್ಥಿತಿ) ಶುರು ಮಾಡುವ ಸಾಲನ್ನು ಆರಿಸಿದೆ, ಎದ್ದಿತು. ‘ಸ್ನ್ಯಾಪರ್ ರೋಲ್‌ಬ್ಯಾಕ್’ ಹೊಡೆದು ಅದನ್ನೇ ಕಾಯಂ ಮಾಡಿ ರೀಬೂಟ್ ಮಾಡಿದೆ. ಅಷ್ಟೇ. ಓಪನ್‌ಸುಸೆಯ ಪ್ಯಾಕೇಜ್ ಸಾಧನ ಜಿಪ್ಪರ್ ಪ್ರತಿ ಸಲ ಪ್ಯಾಕೇಜ್ ಹಾಕುವ ಮುಂಚೆ, ಹಾಕಿದ ಮೇಲೆ ತಾನೇ ಸ್ನ್ಯಾಪ್‌ಶಾಟ್ ತೆಗೆದಿಟ್ಟಿರುತ್ತದೆ. ನಮ್ಮ ಕಡತಗಳಿರುವ ಹೋಮ್ ಫೋಲ್ಡರ್ ಬೇರೆ ಸಬ್‌ವಾಲ್ಯೂಮ್ (ಡಿಸ್ಕಿನೊಳಗಿನ ಪ್ರತ್ಯೇಕ ಭಾಗ), ಹಾಗಾಗಿ ನಿನ್ನೆ ಬರೆದ ಕಡತ ಹಿಂದಕ್ಕೆ ಹೋಗುವುದಿಲ್ಲ.

ಎರಡಕ್ಕೂ ಆದ ಅಪಘಾತ ಒಂದೇ ಅಲ್ಲ, ಒಪ್ಪುತ್ತೇನೆ. ಒಂದರಲ್ಲಿ ಡಿಸ್ಕ್ ಲೆಕ್ಕವೇ ಕೆಟ್ಟಿತ್ತು, ಇನ್ನೊಂದರಲ್ಲಿ ಡಿಸ್ಕ್ ಚೆನ್ನಾಗಿತ್ತು, ಮೇಲಿನ ಸಾಮಾನು ಕೆಟ್ಟಿತ್ತು. ಬಟರ್‌ಎಫ್‌ಎಸ್‌ನ ಲೆಕ್ಕವೇ ಕೆಟ್ಟರೆ ಕಷ್ಟ. ಅದರ ರಿಪೇರಿ ಆಜ್ಞೆಯನ್ನು ಸುಮ್ನೆ ಬಳಸಬೇಡಿ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಜಾಗವನ್ನೂ ಜಾಸ್ತಿ ತಿನ್ನುತ್ತದೆ: ಸ್ನ್ಯಾಪ್‌ಶಾಟ್ ಹಿಡಿದುಕೊಂಡಿರುವ ಕಡತವನ್ನು ಅಳಿಸಿದರೂ ಜಾಗ ಖಾಲಿಯಾಗುವುದಿಲ್ಲ.

ಹೆಸರು ನೋಡಿ ಮೋಸ ಹೋಗಬೇಡಿ. ಫೆಡೋರಾ ವರ್ಕ್‌ಸ್ಟೇಷನ್ ಎಂಬ ಇನ್ನೊಂದು ಲಿನಕ್ಸ್ 2020ರಿಂದಲೇ ಬಟರ್‌ಎಫ್‌ಎಸ್ ಕೊಡುತ್ತದೆ, ಆದರೆ ಈ ಸ್ನ್ಯಾಪ್‌ಶಾಟ್ ಮೆನುವನ್ನು ನೀವೇ ಜೋಡಿಸಿಕೊಳ್ಳಬೇಕು.

ಸಿಸ್ಟಮ್‌ನ ನಕಲು ಇಡುವ ಟೈಮ್‌ಶಿಫ್ಟ್ ಎಂಬ ಸಾಧನ ಹಾಕಿದರೆ ಇಎಕ್ಸ್‌ಟಿ4ನಲ್ಲೂ ಹಿಂದಕ್ಕೆ ಹೋಗಬಹುದು. ಆದರೆ ಸಿಸ್ಟಮ್ ಏಳದಿದ್ದರೆ ಮತ್ತೆ ಪೆನ್‌ಡ್ರೈವೇ ಗತಿ.

ನಾನು ಅಪ್‌ಡೇಟ್ ಬಂದ ಕೂಡಲೇ ಗುಂಡಿ ಒತ್ತುವವನು, ಅದೂ ಮಲಗುವ ಮುಂಚೆ. ಡಿಸ್ಕ್ 500 ಜಿಬಿ, ಜಾಗದ ಚಿಂತೆಯಿಲ್ಲ. ಹಾಗಾಗಿ ಮೊದಲನೇ ಲ್ಯಾಪ್‌ಟಾಪ್‌ಗೂ ಈಗ ಬಟರ್‌ಎಫ್‌ಎಸ್ ಹಾಕಿದ್ದೇನೆ, ಹೊಸ ಬ್ಯಾಟರಿಯನ್ನೂ ಹಾಕಿಸಿದ್ದೇನೆ. ಫೋಟೋಗಳಿಗೆ ಹೊರಗಿನ ಡಿಸ್ಕ್ ಬೇರೆ ಇದೆ, ಸ್ನ್ಯಾಪ್‌ಶಾಟ್ ಇರುವುದು ಲ್ಯಾಪ್‌ಟಾಪ್‌ನ ಡಿಸ್ಕಿನೊಳಗೇ ತಾನೇ. ಅಪ್ಪನ ಕಂಪ್ಯೂಟರ್ ಮಾತ್ರ ಇಎಕ್ಸ್‌ಟಿ4ನಲ್ಲೇ ಉಳಿಯಿತು. ಅದರ ಎಸ್‌ಎಸ್‌ಡಿ 120 ಜಿಬಿ, ಅದರಲ್ಲೂ ಅವರು ಅಪ್‌ಡೇಟ್ ಗುಂಡಿ ಕಡೆ ತಲೆ ಹಾಕಿಯೂ ನೋಡುವುದಿಲ್ಲ.