ಕೇರೆ ಹಾವಿನ ಮೊಟ್ಟೆಗೆ ಕೋಳಿ ಇನ್‌ಕ್ಯುಬೇಟರ್: ನಡೆಯುತ್ತೆ, ಆದರೆ...

ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಸಿಕ್ಕ ಕೇರೆ ಮೊಟ್ಟೆಗಳನ್ನು ಅರಣ್ಯ ಇಲಾಖೆಯ ಅನುಮತಿ ಪಡೆದು ಮರಿ ಮಾಡಿಸುವವರಿಗೆ (ಅನುಮತಿ ಇಲ್ಲದೆ ಕೈ ಹಾಕಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ) 48 ಮೊಟ್ಟೆಯ ಈ ಆಟೋಮ್ಯಾಟಿಕ್ ಪೆಟ್ಟಿಗೆ ಆದೀತು. ತಂದ ಹಾಗೇ ಮಾತ್ರ ಬಳಸಬೇಡಿ.

ಮೊದಲು ಮೊಟ್ಟೆ ತಿರುಗಿಸುವ ಟ್ರೇ ಕಿತ್ತು ಪಕ್ಕಕ್ಕಿಡಿ. ಕೋಳಿ ಮೊಟ್ಟೆ ತಿರುಗಬೇಕು. ಹಾವಿನ ಮೊಟ್ಟೆ ತಿರುಗಿದರೆ ಒಳಗಿನ ಭ್ರೂಣ ಸಾಯಬಹುದು. ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅಂಟಿಕೊಂಡವನ್ನು ಬಿಡಿಸಬೇಡಿ. ತಾಪಮಾನ 37.5ರಿಂದ 28–29 ಡಿಗ್ರಿಗೆ ಇಳಿಸಿ.

ಫ್ಯಾನ್ ಗಾಳಿಗೆ ತೊಗಲಿನಂಥ ಸಿಪ್ಪೆ ಒಣಗಿ ಕುಳಿ ಬೀಳುತ್ತೆ. ಹಾಗಾಗಿ ಮುಚ್ಚಳದ ಡಬ್ಬಿಯಲ್ಲಿ ವರ್ಮಿಕ್ಯುಲೈಟ್ (ನೀರು ಹಿಡಿದಿಡುವ ಹಗುರ ಖನಿಜದ ಹರಳು), ಅದರಷ್ಟೇ ತೂಕದ ನೀರು ಬೆರೆಸಿ, ಮೊಟ್ಟೆಯನ್ನು ಅರ್ಧ ಹೂತಿಡಿ. ಹಿಂಡಿದರೆ ನೀರು ತೊಟ್ಟಿಕ್ಕಿತೋ, ಬೂಷ್ಟು ಗ್ಯಾರಂಟಿ.

ದೊಡ್ಡ ಕೊರತೆ ಬೇರೆಯೇ: ಇದು ಬಿಸಿ ಮಾಡುತ್ತೆ, ತಣ್ಣಗೆ ಮಾಡಲ್ಲ. ಏಪ್ರಿಲ್‌ನಲ್ಲಿ ಕೋಣೆಯೇ 34 ಡಿಗ್ರಿ ಮುಟ್ಟಿದರೆ ಥರ್ಮೋಸ್ಟಾಟ್ ಸುಮ್ಮನೆ ಕೂರುತ್ತೆ. ಹೆಂಚಿನ ಮನೆಯ ತಂಪು ಮೂಲೆ ವಾಸಿ, ತಾರಸಿ ಕೆಳಗಿನ ಕೋಣೆ ಬೇಡ. ಡಿಸ್‌ಪ್ಲೇ ನಂಬದೆ ಡಬ್ಬಿಯೊಳಗೇ ಇನ್ನೊಂದು ಥರ್ಮಾಮೀಟರ್ ಇಡಿ. ಮರಿಗೆ ಸುಮಾರು ಎರಡು ತಿಂಗಳು. ಸಿಪ್ಪೆ ಸೀಳಿ ಮೂತಿ ಹೊರಹಾಕಿ ಒಂದು ದಿನ ಹಾಗೇ ಕೂತರೂ ಎಳೆಯಬೇಡಿ.

ಐದಕ್ಕೆ ಮೂರು ಸ್ಟಾರ್.